ಫ್ರಾಂಕರ ಸೈನ್ಯವ್ಯವಸ್ಥೆಯೂ ರಾಜ್ಯಾಧಿಕಾರವೂ

ಯುರೋಪಿನ ಮಧ್ಯಯುಗದ ಪಾಠವನ್ನು ಹೇಳುವಾಗ ನಾವು ಕರಿಹಲಗೆಯ ಮೇಲೆ ಒಂದು ಗೋಪುರದ ಚಿತ್ರವನ್ನು ಬರೆಯುವುದುಂಟು. ತುದಿಯಲ್ಲಿ ರಾಜ, ಅವನ ಕೆಳಗೆ ಸಾಮಂತರು, ಅವರ ಕೆಳಗೆ ಕುದುರೆಯೇರಿದ ಯೋಧರು, ಎಲ್ಲರ ಭಾರವನ್ನೂ ಹೊತ್ತು ತಳದಲ್ಲಿ ರೈತ. ಪಕ್ಕದಲ್ಲಿ 'ಊಳಿಗಮಾನ್ಯ ಪದ್ಧತಿ' ಎಂದು ಬರೆದು ಮುಂದಿನ ಪಾಠಕ್ಕೆ ಹೋಗುತ್ತೇವೆ. ಊಳಿಗಕ್ಕಾಗಿ ಬಿಟ್ಟುಕೊಟ್ಟ ಮಾನ್ಯ ಎಂಬ ಅರ್ಥವನ್ನು ಒಡಲಲ್ಲಿಟ್ಟುಕೊಂಡಿರುವ ಈ ಪದವೇನೋ ಚೆನ್ನಾಗಿಯೇ ಇದೆ. ಆದರೆ ಚುರುಕಾದ ಹುಡುಗನೊಬ್ಬನು ಎದ್ದು ನಿಂತು, "ಸಾರ್, ರೈತ ತಳಕ್ಕೆ ಬಂದದ್ದು ಹೇಗೆ? ಮೊದಲಿನಿಂದಲೂ ಅಲ್ಲೇ ಇದ್ದನೇ?" ಎಂದು ಕೇಳಿದರೆ ಆ ಚಿತ್ರವು ಉತ್ತರ ಕೊಡುವುದಿಲ್ಲ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಫ್ರಾಂಕರ ಇತಿಹಾಸದಷ್ಟು ಅನುಕೂಲವಾದ ಕ್ಷೇತ್ರ ಬೇರೊಂದಿಲ್ಲ. ರೈನ್ ನದಿಯ ಕೆಳದಂಡೆಯಲ್ಲಿ ನೆಲಸಿದ್ದ ಈ ಜರ್ಮಾನಿಕ್ ಜನರು ರೋಮನ್ ಆಳಿಕೆ ಕುಸಿದ ಮೇಲೆ ಗಾಲ್ ಪ್ರಾಂತವನ್ನು, ಎಂದರೆ ಇಂದಿನ ಫ್ರಾನ್ಸ್ ಬೆಲ್ಜಿಯಂಗಳ ನೆಲವನ್ನು, ತಮ್ಮದಾಗಿಸಿಕೊಂಡರು. ೫ನೆಯ ಶತಮಾನದ ಕೊನೆಯಿಂದ ೯ನೆಯ ಶತಮಾನದ ಕೊನೆಯವರೆಗೆ, ಸುಮಾರು ೪೦೦ ವರ್ಷಗಳಲ್ಲಿ, ಅವರ ಸೈನ್ಯವು ಬದಲಾದಂತೆಲ್ಲ ರಾಜ್ಯಾಧಿಕಾರವೂ ಕೈ ಬದಲಾಯಿಸುತ್ತ ಹೋಯಿತು. ಆಯುಧದ ವೆಚ್ಚವನ್ನು ಹೊರಬಲ್ಲವನ ಕೈಗೆ ಅಧಿಕಾರವು ಸೇರಿತು; ಹೊರಲಾರದವನ ಕೈಯಿಂದ ಮೊದಲು ಈಟಿಯೂ, ಆಮೇಲೆ ಭೂಮಿಯೂ ಜಾರಿದುವು. ಈ ಮಾತನ್ನು ದೊರೆತಿರುವ ಆಧಾರಗಳಿಂದಲೇ ತೋರಿಸಲು ಇಲ್ಲಿ ಯತ್ನಿಸಿದ್ದೇವೆ.

ಪಾತ್ರೆಯ ಕಥೆ

ಟೂರ್ಸ್ ನಗರದ ಬಿಷಪ್ ಗ್ರೆಗರಿಯು ೬ನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದ ಇತಿಹಾಸಗ್ರಂಥದಲ್ಲಿ ಒಂದು ಪ್ರಸಿದ್ಧ ಕಥೆಯುಂಟು. ೪೮೧ರಲ್ಲಿ ಪಟ್ಟಕ್ಕೆ ಬಂದ ಕ್ಲೋವಿಸ್‌ನು ೪೮೬ರಲ್ಲಿ ಸ್ವಾಸೋನ್ ಎಂಬಲ್ಲಿ ಸಿಯಾಗ್ರಿಯಸ್‌ನೆಂಬ ರೋಮನ್ ಅಧಿಪತಿಯನ್ನು ಸೋಲಿಸಿದನು. ಕೊಳ್ಳೆಯಲ್ಲಿ ಸಿಕ್ಕಿದ ಇಗರ್ಜಿಯ ಪಾತ್ರೆಯೊಂದನ್ನು ಹಿಂದಿರುಗಿಸಬೇಕೆಂದು ಬಿಷಪ್ಪನೊಬ್ಬನು ಕೇಳಿಕೊಂಡನು. ಕೊಳ್ಳೆಯನ್ನು ಚೀಟಿ ಹಾಕಿ ಹಂಚಿಕೊಳ್ಳುವುದು ಪದ್ಧತಿ. ಆದುದರಿಂದ ಆ ಪಾತ್ರೆಯನ್ನು ತನ್ನ ಪಾಲಿನ ಮೇಲೆ ಹೆಚ್ಚಾಗಿ ಕೊಡಿರೆಂದು ರಾಜನು ಸೈನಿಕರನ್ನೇ ಬೇಡಬೇಕಾಯಿತು. ಎಲ್ಲರೂ ಒಪ್ಪಿದರು, ಒಬ್ಬನು ಮಾತ್ರ ಕೊಡಲಿಯಿಂದ ಪಾತ್ರೆಯನ್ನು ಹೊಡೆದು, ಪಾಲಿಗೆ ಬಂದುದಲ್ಲದೆ ಬೇರೇನೂ ನಿನಗಿಲ್ಲವೆಂದನು. ಕ್ಲೋವಿಸ್‌ನು ಸುಮ್ಮನಿದ್ದನು. ವರ್ಷ ಕಳೆದ ಮೇಲೆ ಮಾರ್ಚ್ ತಿಂಗಳ ಬಯಲಿನಲ್ಲಿ ಸೈನ್ಯವನ್ನು ಕೂಡಿಸಿ ಒಬ್ಬೊಬ್ಬರ ಆಯುಧವನ್ನೂ ಪರೀಕ್ಷಿಸುತ್ತ ಬಂದು, ನಿನ್ನ ಆಯುಧ ಕೆಟ್ಟಿದೆಯೆಂದು ಆ ಸೈನಿಕನ ಕೊಡಲಿಯನ್ನು ಕಿತ್ತು ನೆಲಕ್ಕೆಸೆದನು. ಅವನು ಎತ್ತಿಕೊಳ್ಳಲು ಬಾಗಿದಾಗ, ಅಂದು ಪಾತ್ರೆಗೆ ನೀನು ಮಾಡಿದಂತೆಯೇ ಎಂದು ಹೇಳಿ ಅವನ ತಲೆಯನ್ನು ಸೀಳಿದನು.

ಘಟನೆಯಾಗಿ ಸುಮಾರು ನೂರು ವರ್ಷಗಳ ಮೇಲೆ ಬರೆದ ಕಥೆಯಾದುದರಿಂದ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಗ್ರೆಗರಿಯ ಕಾಲದ ಜನರಿಗೆ ರಾಜತ್ವವು ಹೇಗೆ ಕಂಡಿತ್ತೆಂಬುದನ್ನು ಇದು ತಿಳಿಸುತ್ತದೆ. ಕೊಳ್ಳೆ ಹಂಚುವಾಗ ರಾಜನೂ ಪಾಲುಗಾರರಲ್ಲೊಬ್ಬ. ಆಯುಧಪರೀಕ್ಷೆಯ ಬಯಲಿನಲ್ಲಿ ಅವನು ಒಡೆಯ. ಆ ಬಯಲೇ ಸೈನ್ಯ, ಆ ಬಯಲೇ ಸಭೆ. ಈಟಿ ಹಿಡಿದು ಬಂದವನಿಗೆ ಅಲ್ಲಿ ನಿಲ್ಲುವ ಹಕ್ಕಿತ್ತು. ಅಲ್ಲಿ ನಿಂತವನು ರಾಜ್ಯದ ಪ್ರಜೆಯೆನಿಸಿದನು.

ಹಾಗೆಂದು ಎಲ್ಲರೂ ಸಮಾನರಾಗಿದ್ದರೆಂದು ಭಾವಿಸಬಾರದು. ದಾಸರಿಗೆ ಆ ಬಯಲಿನಲ್ಲಿ ಸ್ಥಳವಿರಲಿಲ್ಲ. ಫ್ರಾಂಕರ ಸಾಲಿಕ್ ಶಾಸನದಂತೆ ಸ್ವತಂತ್ರ ಫ್ರಾಂಕನನ್ನು ಕೊಂದವನು ೨೦೦ ಸಾಲಿಡಸ್ ನಾಣ್ಯಗಳನ್ನು ಪರಿಹಾರವಾಗಿ ತೆರಬೇಕು. ಕೊಲೆಯಾದವನು ರಾಜನಿಗೆ ವಿಶೇಷವಾಗಿ ಪ್ರಮಾಣ ಮಾಡಿದ ಪರಿವಾರದ ಯೋಧನಾಗಿದ್ದರೆ ೬೦೦. ಒಡೆಯನ ಸಮೀಪದಲ್ಲಿ ಕತ್ತಿ ಹಿಡಿದವನ ಪ್ರಾಣಕ್ಕೆ ಮೂರು ಮಡಿ ಬೆಲೆ! ಗೋಪುರದ ಬೀಜವು ಆಗಲೇ ನೆಲದಲ್ಲಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಸಿಂಹಾಸನದ ಹಿಂದೆ ನಿಂತ ಸೇನಾಪತಿಗಳು

ಕ್ಲೋವಿಸ್‌ನ ಮೆರೊವಿಂಜಿಯನ್ ವಂಶದವರು ರಾಜ್ಯವನ್ನು ಮಕ್ಕಳಲ್ಲಿ ಹಂಚಿ ಹಂಚಿ, ದಾಯಾದಿ ಕಲಹದಲ್ಲಿ ಶಕ್ತಿಯನ್ನು ಕಳೆದುಕೊಂಡರು. ೭ನೆಯ ಶತಮಾನದಲ್ಲಿ ಅರಮನೆಯ ಮುಖ್ಯಾಧಿಕಾರಿಗಳೇ ಸೈನ್ಯವನ್ನು ನಡೆಸತೊಡಗಿದರು. ೬೮೭ರಲ್ಲಿ ಟೆರ್ಟ್ರಿಯ ಕದನವನ್ನು ಗೆದ್ದ ಎರಡನೆಯ ಪಿಪಿನ್‌ನೂ, ಅವನ ಮಗ ಚಾರ್ಲ್ಸ್ ಮಾರ್ಟೆಲ್‌ನೂ ರಾಜರಲ್ಲ. ಆದರೆ ರಾಜ್ಯವೆಲ್ಲ ಅವರ ಮಾತಿನಂತೆ ನಡೆಯಿತು. ಶಾರ್ಲಮೇನನ ಚರಿತ್ರೆಯನ್ನು ಬರೆದ ಐನ್‌ಹಾರ್ಡ್‌ನು ಕಡೆಯ ಮೆರೊವಿಂಜಿಯನ್ನರನ್ನು ಗೇಲಿ ಮಾಡಿದ್ದಾನೆ. ಉದ್ದ ಕೂದಲು, ಇಳಿಬಿದ್ದ ಗಡ್ಡ, ಹೊರಗೆ ಹೊರಟರೆ ಎತ್ತಿನ ಬಂಡಿ. ದೂತರಿಗೆ ಹೇಳಬೇಕಾದ ಉತ್ತರವನ್ನೂ ಇನ್ನೊಬ್ಬರು ಕಲಿಸಿಕೊಡಬೇಕು. ಗೆದ್ದ ವಂಶದ ಆಶ್ರಿತನ ಮಾತಿದು, ರಿಯಾಯಿತಿ ಕೊಟ್ಟೇ ಓದಬೇಕು. ಆದರೂ ಬಲವೊಂದು ಕಡೆ, ಬಿರುದೊಂದು ಕಡೆ ಇದ್ದುದು ನಿಜ. ಅಧಿಕಾರವಿಲ್ಲದವನನ್ನು ರಾಜನೆನ್ನುವುದು ಸರಿಯೇ ಎಂದು ಮಾರ್ಟೆಲ್‌ನ ಮಗ ಪಿಪಿನ್‌ನು ಪೋಪ್ ಜಕರಿಯಾಸ್‌ನನ್ನು ಕೇಳಿಸಿದನೆಂದು ರಾಜಮನೆತನದ ವಾರ್ಷಿಕ ವೃತ್ತಾಂತಗಳು ಹೇಳುತ್ತವೆ. ೭೫೧ರಲ್ಲಿ ಪಿಪಿನ್‌ನೇ ರಾಜನಾದನು. ಮೂರನೆಯ ಚಿಲ್ಡೆರಿಕ್‌ನ ಕೂದಲನ್ನು ಕತ್ತರಿಸಿ ಮಠಕ್ಕೆ ಕಳುಹಿಸಲಾಯಿತು.

ಈ ಸೇನಾಪತಿಗಳು ಯೋಧರನ್ನು ಸಾಕಿದುದು ಯಾವುದರಿಂದ? ಕೊಳ್ಳೆಯಿಂದ, ಕೊಳ್ಳೆ ಸಾಲದಾದಾಗ ಭೂಮಿಯಿಂದ. ಇಗರ್ಜಿಗಳಿಗೆ ಭಕ್ತರು ಬಿಟ್ಟುಕೊಟ್ಟಿದ್ದ ಭೂಮಿಗಳು ವಿಸ್ತಾರವಾಗಿದ್ದುವು. ಅವುಗಳನ್ನು ಯೋಧರ ಅನುಭವಕ್ಕೆ ಕೊಡಲಾಯಿತು. ೭೪೩ರ ಎಸ್ತಿನ್ ಧರ್ಮಸಭೆಯಲ್ಲಿ ಪಿಪಿನ್‌ನ ಅಣ್ಣ ಕಾರ್ಲೊಮನ್ನನು ಈ ಏರ್ಪಾಡನ್ನು ಬಹಿರಂಗವಾಗಿಯೇ ಸಾರಿದನು. ಸುತ್ತಲೂ ಯುದ್ಧವಿರುವುದರಿಂದ ಇಗರ್ಜಿಯ ಭೂಮಿಯಲ್ಲಿ ಒಂದು ಭಾಗ ಸೈನ್ಯಕ್ಕಾಗಿ ಇರಲಿ, ಹಕ್ಕು ಇಗರ್ಜಿಯದೇ, ಅನುಭವಿಸುವವನು ಪ್ರತಿ ಒಕ್ಕಲು ಮನೆಗೆ ವರ್ಷಕ್ಕೆ ಒಂದು ಸಾಲಿಡಸ್, ಎಂದರೆ ೧೨ ಬೆಳ್ಳಿ ದಿನಾರ್, ಇಗರ್ಜಿಗೆ ಸಲ್ಲಿಸಲಿ ಎಂದು ಕಟ್ಟಳೆ. ಹೀಗೆ ಊಳಿಗಕ್ಕಾಗಿ ಉಂಬಳಿ ಕೊಡುವ ಕ್ರಮವು ಬೇರೂರಿತು. ಹಳಗನ್ನಡ ಕಾವ್ಯಗಳ 'ಜೋಳದ ಪಾಳಿ'ಯನ್ನು ಬಲ್ಲ ನಮಗೆ, ಉಂಡ ಅನ್ನಕ್ಕಾಗಿ ಒಡೆಯನಿಗೆ ಪ್ರಾಣ ತೆರುವ ಭಾವನೆಯು ಅರಿಯದ್ದಲ್ಲ. ಆದರೆ ಫ್ರಾಂಕರ 'ವಾಸಲ್'ನ ಪ್ರಮಾಣವು ಆ ನಾಡಿನ ಧರ್ಮಸಭೆ ಶಾಸನಗಳ ನಡುವೆ ಬೆಳೆದದ್ದು; ಹೋಲಿಕೆಯನ್ನು ಅಷ್ಟಕ್ಕೇ ನಿಲ್ಲಿಸಬೇಕು.

ಇಲ್ಲಿ ಒಂದು ವಾದವನ್ನು ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. ಮುಸ್ಲಿಂ ಅಶ್ವದಳವನ್ನೆದುರಿಸಲು ಮಾರ್ಟೆಲ್‌ನು ಕುದುರೆ ಸೈನ್ಯವನ್ನು ಕಟ್ಟಿದನು, ಅದಕ್ಕಾಗಿಯೇ ಇಗರ್ಜಿಯ ಭೂಮಿಯನ್ನು ಹಂಚಿದನು ಎಂದು ಹೈನ್ರಿಖ್ ಬ್ರುನ್ನರ್ ೧೮೮೭ರಲ್ಲಿ ವಾದಿಸಿದರು. ೧೯೬೨ರಲ್ಲಿ ಲಿನ್ ವೈಟ್ ಅವರು ಇದಕ್ಕೆ ರಿಕಾಬನ್ನು, ಎಂದರೆ ಸವಾರನು ಕಾಲಿಡುವ ಅಂಕವಣೆಯನ್ನು, ಮೂಲಕಾರಣವೆಂದರು. ಚಿಕ್ಕ ಕಬ್ಬಿಣದ ತುಂಡೊಂದು ಸಮಾಜವನ್ನೇ ಬದಲಾಯಿಸಿತೆಂಬ ಈ ವಿವರಣೆಯು ಮನಸ್ಸನ್ನು ಸೆಳೆಯುವುದರಿಂದ ಬೋಧನೆಯಲ್ಲಿ ಬೇಗ ಹರಡಿತು. ೧೯೭೦ರಲ್ಲಿ ಬರ್ನಾರ್ಡ್ ಬಕ್ರಾಕ್ ಅವರೂ, ಆಮೇಲೆ ಇತರರೂ ಇದನ್ನು ಪರೀಕ್ಷಿಸಿ ಆಧಾರ ಸಾಲದೆಂದು ತೋರಿಸಿದರು. ೮ನೆಯ ಶತಮಾನದ ಗೋರಿಗಳಲ್ಲಿ ರಿಕಾಬುಗಳು ವಿರಳ. ೭೩೨ರ ಪ್ವಾತಿಯೆ ಕದನದಲ್ಲಿ ಫ್ರಾಂಕರು ಗೋಡೆಯಂತೆ ಕದಲದೆ ನಿಂತು ಹೋರಾಡಿದರೆಂದು ಸ್ಪೇನಿನ ೭೫೪ರ ವೃತ್ತಾಂತವು ಹೇಳುತ್ತದೆ. ಆ ಕಾಲದ ಯುದ್ಧವೆಂದರೆ ಬಹುಮಟ್ಟಿಗೆ ಕೋಟೆಗಳ ಮುತ್ತಿಗೆ ಮತ್ತು ಸುಲಿಗೆ. ಆದುದರಿಂದ ರಿಕಾಬಿನ ಕಥೆಯನ್ನು ಈಗ ನಿಶ್ಚಿತ ಸಂಗತಿಯೆಂದು ಮಕ್ಕಳಿಗೆ ಹೇಳಲಾಗದು. ಕುದುರೆಯ ಮೇಲೆ ಹೋರಾಡಿದನೇ ನೆಲದ ಮೇಲೆ ಹೋರಾಡಿದನೇ ಎಂಬುದಕ್ಕಿಂತ, ಯುದ್ಧಕ್ಕೆ ಹೊರಡುವ ವೆಚ್ಚವನ್ನು ಯಾರು ಹೊತ್ತರೆಂಬುದೇ ನಮ್ಮ ವಿಷಯಕ್ಕೆ ಮುಖ್ಯವಾದುದು.

ಒಬ್ಬ ಯೋಧನ ಬೆಲೆ ಎಷ್ಟು ಎತ್ತು?

ಈ ವೆಚ್ಚವನ್ನು ಲೆಕ್ಕ ಹಾಕಲು ಒಂದು ಒಳ್ಳೆಯ ಆಧಾರವಿದೆ. ೭ನೆಯ ಶತಮಾನದಲ್ಲಿ ರೂಪುಗೊಂಡ ರಿಪ್ಯುಏರಿಯನ್ ಶಾಸನದಲ್ಲಿ, ದಂಡವನ್ನು ಹಣದ ಬದಲು ವಸ್ತುಗಳಿಂದ ತೆರುವವರಿಗಾಗಿ ಬೆಲೆಪಟ್ಟಿಯನ್ನು ಕೊಟ್ಟಿದೆ. ಒಳ್ಳೆಯ ಎತ್ತಿಗೆ ೨ ಸಾಲಿಡಸ್, ಗುರಾಣಿ ಈಟಿಗಳು ಸೇರಿ ೨, ಒರೆಸಹಿತ ಕತ್ತಿಗೆ ೭, ಶಿರಸ್ತ್ರಾಣಕ್ಕೆ ೬, ಕಾಲುಕಾಪಿಗೆ ೬, ಲೋಹದ ಕವಚಕ್ಕೆ ೧೨. ಕುದುರೆಯನ್ನು ಬಿಟ್ಟೇ ಒಟ್ಟು ೩೩ ಸಾಲಿಡಸ್, ಎಂದರೆ ೧೬ ಎತ್ತುಗಳಿಗೂ ಮೀರಿದ ಬೆಲೆ! ಗುರಾಣಿ ಈಟಿಗಳನ್ನಷ್ಟೇ ಹಿಡಿದವನಿಗೆ ಒಂದೆತ್ತಿನ ಖರ್ಚು. ಈ ಪಟ್ಟಿಯೊಂದನ್ನೇ ತರಗತಿಯಲ್ಲಿ ಹೇಳಿದರೂ ಸಾಕು. ರೈತರ ಮಕ್ಕಳಿಗೆ ಮಧ್ಯಯುಗವು ಚೆನ್ನಾಗಿ ಅರ್ಥವಾದೀತು.

೭೬೮ರಿಂದ ೮೧೪ರವರೆಗೆ ಆಳಿದ ಶಾರ್ಲಮೇನನ ಕಾಲದಲ್ಲಿ ಯುದ್ಧವಿಲ್ಲದ ವರ್ಷಗಳು ಅಪರೂಪ. ೭೭೪ರಲ್ಲಿ ಲೊಂಬಾರ್ಡರ ರಾಜ್ಯವು ಕೈವಶವಾಯಿತು. ಸ್ಯಾಕ್ಸನರೊಡನೆ ೭೭೨ರಿಂದ ೮೦೪ರವರೆಗೆ ಯುದ್ಧ ಎಳೆಯಿತು. ಅಬ್ಬಟ್ ಫುಲ್ರಾಡ್‌ನೆಂಬ ಮಠಾಧಿಪತಿಗೆ ಚಕ್ರವರ್ತಿಯು ಬರೆಸಿದ ಕರೆಯೋಲೆಯೊಂದು ಉಳಿದಿದೆ. ಪೂರ್ವ ಸ್ಯಾಕ್ಸನಿಯ ಸ್ಟಾಸ್‌ಫುರ್ಟ್‌ಗೆ ನಿನ್ನ ಜನರೊಡನೆ ಬಾ. ಪ್ರತಿಯೊಬ್ಬ ಸವಾರನಿಗೂ ಗುರಾಣಿ, ಈಟಿ, ಕತ್ತಿ, ಕಿರುಗತ್ತಿ, ಬಿಲ್ಲುಬಾಣಗಳಿರಲಿ. ಬಂಡಿಗಳಲ್ಲಿ ಕೊಡಲಿ, ಬೈರಿಗೆ, ಸನಿಕೆ ಮುಂತಾದ ಸಲಕರಣೆಗಳಿರಲಿ. ಮೂರು ತಿಂಗಳ ಆಹಾರ, ಅರ್ಧ ವರ್ಷದ ಬಟ್ಟೆಬರೆ ಜೊತೆಯಲ್ಲಿರಲಿ. ದಾರಿಯಲ್ಲಿ ಹುಲ್ಲು, ಸೌದೆ, ನೀರುಗಳ ಹೊರತು ಬೇರೇನನ್ನೂ ಮುಟ್ಟಬೇಡಿರಿ ಎಂದು ಅದರ ಸಾರಾಂಶ. ರಾಜನ ಬೊಕ್ಕಸದಿಂದ ಸಂಬಳದ ಮಾತೇ ಅದರಲ್ಲಿಲ್ಲ. ಸೈನ್ಯದ ಭಾರವೆಲ್ಲ ಬರುವವನ ಹೆಗಲ ಮೇಲೆ.

ಬಡವನು ಇದನ್ನು ಹೇಗೆ ಹೊರಬೇಕು? ಚಕ್ರವರ್ತಿಗೂ ಈ ಕಷ್ಟವು ತಿಳಿದಿತ್ತು. ೮೦೮ರ ಆಜ್ಞೆಯಂತೆ, ಒಂದು ಒಕ್ಕಲು ಬಾಳುವಷ್ಟು ಭೂಮಿಯನ್ನು ಒಂದು ಹಿಡುವಳಿಯೆಂದೆಣಿಸಿ, ನಾಲ್ಕು ಹಿಡುವಳಿಯುಳ್ಳವನು ತಾನೇ ಸಜ್ಜಾಗಿ ಹೊರಡಬೇಕು. ಮೂರುಳ್ಳವನಿಗೆ ಒಂದುಳ್ಳವನು ನೆರವಾಗಬೇಕು. ಎರಡೆರಡುಳ್ಳ ಇಬ್ಬರಲ್ಲಿ ಒಬ್ಬನು ಹೋಗಿ ಇನ್ನೊಬ್ಬನು ಖರ್ಚು ಕೊಡಬೇಕು. ಒಂದೊಂದೇ ಉಳ್ಳ ನಾಲ್ವರು ಸೇರಿ ಒಬ್ಬನನ್ನು ಕಳುಹಿಸಬೇಕು. ನ್ಯಾಯವಾದ ಏರ್ಪಾಡೆಂದೇ ಹೇಳಬೇಕು. ಆದರೆ ಮನೆಯಲ್ಲುಳಿದ ಮೂವರು ಇನ್ನು ಯೋಧರಲ್ಲ, ಹಣ ತೆರುವವರು. ಮಾರ್ಚ್ ಬಯಲಿನಲ್ಲಿ ನಿಲ್ಲುವ ಹಕ್ಕು ಹೀಗೆ ಸದ್ದಿಲ್ಲದೆ ಸಡಿಲವಾಯಿತು.

ಕರೆಗೆ ಓಗೊಡದವನಿಗೆ 'ಹೆರಿಬಾನ್' ಎಂಬ ೬೦ ಸಾಲಿಡಸ್ ದಂಡ. ಮೇಲಿನ ಪಟ್ಟಿಯ ಬೆಲೆಯಲ್ಲಿ ೩೦ ಎತ್ತು. ಇದು ಬಡವರನ್ನು ನೆಲಕ್ಕಿಳಿಸುವುದೆಂದು ಕಂಡು ೮೦೫ರಲ್ಲಿ ಅವರವರ ಆಸ್ತಿಗೆ ತಕ್ಕಂತೆ ತಗ್ಗಿಸಲಾಯಿತು. ದಂಡ ವಸೂಲಿಗಾಗಿ ಹೆಂಡತಿ ಮಕ್ಕಳ ಮೈಮೇಲಿನ ಬಟ್ಟೆಯನ್ನು ಕಿತ್ತುಕೊಳ್ಳಬಾರದೆಂದು ಆ ಆಜ್ಞೆಯಲ್ಲಿ ಹೇಳಿದೆ. ಅಂಥ ನಿಷೇಧ ಬೇಕಾದುದರಿಂದಲೇ ವಸೂಲಿಯ ಬಗೆಯನ್ನು ಊಹಿಸಬಹುದು.

೮೧೧ರ ದೂರು

ಈ ವಿಷಯದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ೮೧೧ರ ಒಂದು ರಾಜಪತ್ರ. ಜನರು ಸೈನ್ಯಕ್ಕೆ ಬಾರದಿರುವುದೇಕೆಂದು ಶಾರ್ಲಮೇನನು ವಿಚಾರಿಸಿದಾಗ ಬಂದ ದೂರುಗಳ ಪಟ್ಟಿಯಿದು. ಬಿಷಪ್ಪರು, ಮಠಾಧಿಪತಿಗಳು, ಪ್ರಾಂತಾಧಿಕಾರಿಗಳಾದ ಕೌಂಟರು, ಅವರ ಕೆಳಗಿನ ಅಧಿಕಾರಿಗಳು ತಮ್ಮ ಆಸ್ತಿಯನ್ನು ಕಸಿಯುತ್ತಿದ್ದಾರೆಂದು ಬಡವರು ಮೊರೆಯಿಟ್ಟಿದ್ದಾರೆ. ಭೂಮಿಯನ್ನು ಬಿಟ್ಟುಕೊಡಲು ಒಪ್ಪದವನ ಮೇಲೆ ಏನಾದರೊಂದು ತಪ್ಪು ಹೊರಿಸುತ್ತಾರೆ. ಅವನನ್ನೇ ಮತ್ತೆ ಮತ್ತೆ ಯುದ್ಧಕ್ಕೆ ಕಳುಹಿಸುತ್ತಾರೆ. ಕೊನೆಗೆ ಬರಿಗೈಯಾಗಿ, ಇಷ್ಟವಿದ್ದೋ ಇಲ್ಲದೆಯೋ, ಅವನು ಭೂಮಿಯನ್ನು ಬರೆದುಕೊಡುತ್ತಾನೆ ಅಥವಾ ಮಾರುತ್ತಾನೆ. ಮೊದಲೇ ಬರೆದುಕೊಟ್ಟವರು ಯಾವ ತೊಂದರೆಯೂ ಇಲ್ಲದೆ ಮನೆಯಲ್ಲಿರುತ್ತಾರೆ.

ಇದನ್ನು ಬರೆಸಿದವನು ಸ್ವತಃ ಚಕ್ರವರ್ತಿ. ಸಾಮ್ರಾಜ್ಯವು ಅತ್ಯುನ್ನತ ಸ್ಥಿತಿಯಲ್ಲಿದ್ದ ಕಾಲ. ಶತ್ರುವನ್ನೆದುರಿಸಲು ಮಾಡಿದ ಕಟ್ಟಳೆಯೇ ನೆರೆಯ ರೈತನ ಹೊಲವನ್ನು ನುಂಗುವ ಉಪಾಯವಾಗಿತ್ತು. ಸೈನ್ಯಕ್ಕೆ ಯಾರು ಹೋಗಬೇಕೆಂದು ಗೊತ್ತುಮಾಡುವ ಅಧಿಕಾರವು ಊರಿನ ಪ್ರಬಲರ ಕೈಯಲ್ಲಿದ್ದಾಗ, ದೂರದ ಆಹನ್ ನಗರದಲ್ಲಿ ಕುಳಿತ ಚಕ್ರವರ್ತಿಯ ಸದುದ್ದೇಶದಿಂದ ಆಗುವುದೇನು? ನಮ್ಮ ಹುಡುಗನ ಪ್ರಶ್ನೆಗೆ ಉತ್ತರದ ಮೊದಲರ್ಧವು ಇಲ್ಲಿದೆ. ರೈತನು ತಳದಲ್ಲಿ ಹುಟ್ಟಲಿಲ್ಲ; ಒಂದೊಂದು ದಂಡಯಾತ್ರೆಗೆ ಒಂದೊಂದು ಮೆಟ್ಟಿಲಂತೆ ಇಳಿದನು.

ಕೊಳ್ಳೆ ನಿಂತ ಮೇಲೆ

ಇಷ್ಟು ಭಾರವನ್ನು ಹೊತ್ತು ದೊಡ್ಡವರಾದರೂ ಏಕೆ ಬಂದರು? ಲಾಭವಿದ್ದುದರಿಂದ. ಸ್ಯಾಕ್ಸನರು ವರ್ಷಕ್ಕೆ ೩೦೦ ಕುದುರೆಗಳನ್ನು ಕಾಣಿಕೆ ಕೊಡಬೇಕೆಂದು ಪಿಪಿನ್‌ನು ೭೫೮ರಲ್ಲಿ ಕಟ್ಟುಮಾಡಿದ್ದನು. ೭೯೬ರ ಹೊತ್ತಿಗೆ ಅವಾರರ ಭಂಡಾರವನ್ನು ಕೊಳ್ಳೆಹೊಡೆದಾಗ ನಾಲ್ಕು ನಾಲ್ಕು ಎತ್ತುಗಳ ೧೫ ಬಂಡಿಗಳು ಬೇಕಾದುವಂತೆ. ಫ್ರಾಂಕರ ರಾಜ್ಯವು ಕೊಳ್ಳೆ ಕಪ್ಪಗಳ ಮೇಲೆ ನಿಂತಿತ್ತೆಂದು ಟಿಮೊಥಿ ರಾಯಿಟರ್ ಅವರು ೧೯೮೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಗೆಲ್ಲಬೇಕಾದುದನ್ನು ಗೆದ್ದು ಮುಗಿದ ಮೇಲೆ ಉಳಿದುದು ಗಡಿಯ ಕಾವಲು. ಕಾವಲಿನಲ್ಲಿ ಖರ್ಚುಂಟು, ಕೊಳ್ಳೆಯಿಲ್ಲ. ಹೊರಗಿನ ಸಂಪತ್ತು ನಿಂತಾಗ ಸರದಾರರ ಕಣ್ಣು ಒಳಗಿನ ಭೂಮಿಯ ಮೇಲೆ ಬಿತ್ತು. ಶಾರ್ಲಮೇನನ ಮೊಮ್ಮಕ್ಕಳು ತಮ್ಮೊಳಗೆ ಬಡಿದಾಡತೊಡಗಿದಾಗ ಅವರ ಬೆಂಬಲಕ್ಕೆ ಬೆಲೆಯೂ ಏರಿತು.

ಎರಡು ನುಡಿಗಳ ನಡುವೆ ಪಾಠ ಹೇಳುವ ನಮ್ಮಂಥವರ ಮನಸ್ಸಿಗೆ ಹತ್ತಿರವಾದ ಘಟನೆಯೊಂದು ಈ ಕಾಲದ್ದು. ೮೪೨ರ ಫೆಬ್ರವರಿ ೧೪ರಂದು ರೈನ್ ನದಿಯ ಬಳಿಯ ಸ್ಟ್ರಾಸ್‌ಬುರ್ಗ್‌ನಲ್ಲಿ ಲೂಯಿ ಮತ್ತು ಚಾರ್ಲ್ಸ್ ಎಂಬ ಸೋದರರು, ಅಣ್ಣ ಲೋಥೇರನಿಗೆ ಎದುರಾಗಿ ಒಂದಾಗುವ ಪ್ರಮಾಣ ಮಾಡಿದರು. ಪೂರ್ವದ ಲೂಯಿಯು ಪಶ್ಚಿಮದವರ ರೊಮಾನ್ಸ್ ನುಡಿಯಲ್ಲಿಯೂ, ಪಶ್ಚಿಮದ ಚಾರ್ಲ್ಸ್‌ನು ಪೂರ್ವದವರ ಜರ್ಮನ್ ನುಡಿಯಲ್ಲಿಯೂ ಪ್ರಮಾಣವಚನ ಹೇಳಿದರು. ಶಾರ್ಲಮೇನನ ಮಗಳ ಮಗನಾದ ನಿಥಾರ್ಡ್‌ನು ಆ ಮಾತುಗಳನ್ನು ಹಾಗೆಯೇ ಬರೆದಿಟ್ಟಿದ್ದಾನೆ. ಮುಂದೆ ಫ್ರೆಂಚ್ ಆದ ನುಡಿಯ ಉಳಿದಿರುವ ಬರಹಗಳಲ್ಲಿ ಅದೇ ಅತ್ಯಂತ ಹಳೆಯದು. ಪರರ ನುಡಿಯಲ್ಲೇಕೆ ಹೇಳಿದರು? ಎದುರು ಪಕ್ಷದ ಸೈನಿಕರಿಗೆ ಅರ್ಥವಾಗಬೇಕಾಗಿತ್ತು. ಆಮೇಲೆ ಎರಡು ಸೈನ್ಯಗಳೂ ತಮ್ಮ ತಮ್ಮ ನುಡಿಯಲ್ಲಿ, ನಮ್ಮ ಒಡೆಯನೇ ಮಾತಿಗೆ ತಪ್ಪಿದರೆ ಅವನಿಗೆ ನೆರವಾಗುವುದಿಲ್ಲವೆಂದು ಪ್ರಮಾಣ ಮಾಡಿದುವು. ರಾಜನ ಮಾತಿಗೆ ಸೈನ್ಯವೇ ಹೊಣೆಗಾರ! ಆದರೆ ಈ ಸೈನ್ಯವು ಸರದಾರರ ಪರಿವಾರಗಳ ಕೂಟವೇ ಹೊರತು ಕ್ಲೋವಿಸ್‌ನ ಬಯಲಿನ ಸೈನ್ಯವಲ್ಲ.

೮೪೩ರಲ್ಲಿ ವೆರ್ಡನ್ ಒಪ್ಪಂದದಿಂದ ಸಾಮ್ರಾಜ್ಯವು ಮೂರು ಪಾಲಾಯಿತು. ೮೪೭ರಲ್ಲಿ ಮೆರ್ಸನ್‌ನಲ್ಲಿ ಕೂಡಿದ ಮೂವರು ರಾಜರ ಸಭೆಯಲ್ಲಿ, ಸ್ವತಂತ್ರರಾದವರು ರಾಜನನ್ನಾಗಲಿ ಅವನ ನಂಬುಗೆಯವರಲ್ಲೊಬ್ಬನನ್ನಾಗಲಿ ಒಡೆಯನನ್ನಾಗಿ ಆರಿಸಿಕೊಳ್ಳಲೆಂದೂ, ದಂಡಯಾತ್ರೆಗೆ ತಮ್ಮ ಒಡೆಯನೊಡನೆಯೇ ಹೋಗಲೆಂದೂ ಸಾರಲಾಯಿತು. ಪರರು ನಾಡಿನ ಮೇಲೆ ಬಿದ್ದಾಗ ಮಾತ್ರ ಎಲ್ಲರೂ ಹೊರಡಬೇಕು. ರಾಜನಿಗೂ ಪ್ರಜೆಗೂ ನಡುವೆ ಒಡೆಯನು ನಿಂತನು.

ಪರರು ಮೇಲೆ ಬಿದ್ದಾಗ ಏನಾಯಿತೆಂಬುದನ್ನು ಸೇಂಟ್ ಬರ್ಟಿನ್ನಿನ ವಾರ್ಷಿಕ ವೃತ್ತಾಂತವು ೮೫೯ರ ಕೆಳಗೆ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಹಡಗುಗಳಲ್ಲಿ ಬಂದ ಡೇನರು ಸೇನ್ ನದಿಯಲ್ಲಿ ಬೀಡುಬಿಟ್ಟಿದ್ದರು. ಸೇನ್ ಮತ್ತು ಲೋಆರ್ ನದಿಗಳ ನಡುವಿನ ಸಾಮಾನ್ಯ ಜನರು ತಮ್ಮೊಳಗೆ ಆಣೆಯಿಟ್ಟು ಒಂದಾಗಿ ಅವರನ್ನು ಧೈರ್ಯದಿಂದ ಎದುರಿಸಿದರು. ಅವರನ್ನು ಕೊಂದವರು ಡೇನರಲ್ಲ; ನಮ್ಮ ಪ್ರಬಲರೇ ಎಂದು ಆ ವೃತ್ತಾಂತಕಾರನು ಬರೆದಿದ್ದಾನೆ. ಆಣೆಯಿಟ್ಟು ಕೂಡುವುದರಲ್ಲಿ ಎಚ್ಚರ ಸಾಲದಾಯಿತೆಂಬುದು ಅವನು ಕೊಡುವ ಕಾರಣ. ಒಡೆಯನಿಲ್ಲದೆ ಆಯುಧ ಹಿಡಿದ ರೈತನು ಸರದಾರರ ಕಣ್ಣಿಗೆ ಡೇನರಿಗಿಂತ ಅಪಾಯಕಾರಿಯಾಗಿ ಕಂಡನೆಂಬುದು ನಮಗೆ ತೋರುವ ಕಾರಣ. ೪೮೬ರ ಸ್ವಾಸೋನಿಗೂ ಈ ಜನರು ಸತ್ತ ನೆಲಕ್ಕೂ ದೂರ ಹೆಚ್ಚಿಲ್ಲ. ನಡುವೆ ಕಳೆದುದು ೩೭೩ ವರ್ಷ. ಅಂದು ರಾಜನೆದುರು ಪಾಲು ಕೇಳಿದವನ ವಂಶಜನಿಗೆ ಇಂದು ತನ್ನ ಗುಡಿಸಲನ್ನು ಕಾಯುವ ಹಕ್ಕೂ ಉಳಿಯಲಿಲ್ಲ. ನಮ್ಮ ಹುಡುಗನಿಗೆ ಹೇಳಬೇಕಾದ ಉತ್ತರದ ಉಳಿದರ್ಧವಿದು.

ರಾಜನ ಗತಿ

ಇದರಿಂದ ರಾಜನಿಗಾದರೂ ಲಾಭವಾಯಿತೇ? ಅದೂ ಇಲ್ಲ. ೮೬೪ರಲ್ಲಿ ಪೀತ್ರ್ ಎಂಬಲ್ಲಿ ಚಾರ್ಲ್ಸ್‌ನು ಹೊರಡಿಸಿದ ಆಜ್ಞೆಯು, ತನ್ನ ಅಪ್ಪಣೆಯಿಲ್ಲದೆ ಕಟ್ಟಿದ ಕೋಟೆಗಳನ್ನು ಕೆಡವಬೇಕೆನ್ನುತ್ತದೆ. ಕವಚ ಕುದುರೆಗಳನ್ನು ಡೇನರಿಗೆ ಮಾರಿದವನಿಗೆ ಮರಣದಂಡನೆಯೆನ್ನುತ್ತದೆ. ಕೋಟೆ ಕಟ್ಟುವವರೂ ಮಾರುವವರೂ ಇದ್ದರೆಂಬುದಕ್ಕೆ ಇದೇ ಸಾಕ್ಷಿ. ೮೮೫-೮೬ರಲ್ಲಿ ಪ್ಯಾರಿಸ್ಸಿಗೆ ಮುತ್ತಿಗೆ ಬಿದ್ದಾಗ ನಗರವನ್ನು ಕಾದವನು ಕೌಂಟ್ ಓಡೋ. ಚಕ್ರವರ್ತಿಯಾದ ದಪ್ಪ ಚಾರ್ಲ್ಸ್‌ನು ಸೈನ್ಯದೊಡನೆ ಬಂದೂ ಹೋರಾಡದೆ, ಹಣ ಕೊಟ್ಟು ಶತ್ರುವನ್ನು ಸಾಗಹಾಕಿದನು. ೮೮೭ರಲ್ಲಿ ಅವನು ಪದಚ್ಯುತನಾದನು. ೮೮೮ರಲ್ಲಿ ಸರದಾರರು ಓಡೋನನ್ನು ರಾಜನನ್ನಾಗಿ ಆರಿಸಿಕೊಂಡರು. ಅವನ ತಮ್ಮನ ಮೊಮ್ಮಗನಾದ ಹ್ಯೂ ಕಾಪೆಯು ೯೮೭ರಲ್ಲಿ ಪಟ್ಟವೇರಿದ ಮೇಲೆ ಕ್ಯಾರೊಲಿಂಜಿಯನ್ನರಿಗೆ ಸಿಂಹಾಸನವು ತಿರುಗಿ ದೊರೆಯಲಿಲ್ಲ. ಸೈನ್ಯವನ್ನು ನಡೆಸಿ ಸಿಂಹಾಸನವನ್ನು ಪಡೆದ ಪಿಪಿನ್‌ನ ವಂಶವು, ಸೈನ್ಯವನ್ನು ನಡೆಸಲಾರದೆ ಅದನ್ನು ಕಳೆದುಕೊಂಡಿತು. ಸಭೆಯ ಬಯಲಿನಿಂದ ರೈತನು ಹೊರಬಿದ್ದಾಗ ರಾಜನಿಗೆ ನೇರವಾಗಿ ಕರೆಯಬಲ್ಲ ಜನರೇ ಕಡಿಮೆಯಾದರು. ಉಳಿದವರು ಒಡೆಯರು, ಅವರು ಬಂದರೆ ಸೈನ್ಯ, ಬಾರದಿದ್ದರೆ ಬರಿಯ ಬಿರುದು.

ಕರಿಹಲಗೆಯ ಗೋಪುರವನ್ನು ಅಳಿಸಬೇಕೆಂದು ನಾವು ಹೇಳುತ್ತಿಲ್ಲ. ಪರೀಕ್ಷೆಗೆ ಅದು ಬೇಕು. ಅದನ್ನು ಬರೆಯುವ ಮುನ್ನ ಪಕ್ಕದಲ್ಲಿ ಒಂದು ಬಯಲನ್ನು ಬರೆದು, ರಾಜನನ್ನೂ ರೈತನನ್ನೂ ಅದರಲ್ಲಿ ನಿಲ್ಲಿಸೋಣ. ಆಮೇಲೆ ಎತ್ತಿನ ಲೆಕ್ಕವನ್ನು ಹೇಳಿ, ೮೧೧ರ ದೂರನ್ನು ಓದಿ, ೮೫೯ಕ್ಕೆ ಬರೋಣ. ಬಯಲು ಗೋಪುರವಾದ ಬಗೆಯನ್ನು ಮಕ್ಕಳು ತಾವೇ ಕಂಡುಕೊಂಡಾರು. ಇನ್ನೂ ಪ್ರಶ್ನೆ ಕೇಳುವವನಿದ್ದರೆ ಪಾಠವು ಸಾರ್ಥಕವಾಯಿತೆಂದು ತಿಳಿಯಬಹುದು.